ಕಾಮಕ್ಕೆ ಕತ್ತರಿ, ಕ್ರೌರ್ಯಕ್ಕೆ ರಿಯಾಯಿತಿ: ಅಮೆರಿಕದ ಟೆಲಿವಿಷನ್ ನಿಯಂತ್ರಣದ ಇತಿಹಾಸ ಮತ್ತು ಧರ್ಮಸಭೆಯ ಹೊಣೆ

2004ರಲ್ಲಿ ಅಮೆರಿಕದಲ್ಲಿ ನಡೆದ ಎರಡು ಪ್ರಸಾರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಲೇಖನದ ಪ್ರಶ್ನೆ ತಾನಾಗಿಯೇ ಮೂಡುತ್ತದೆ. ಆ ವರ್ಷದ ಫೆಬ್ರವರಿ 1ರಂದು ಹ್ಯೂಸ್ಟನ್ ನಗರದ ಸೂಪರ್ ಬೌಲ್ ಪಂದ್ಯದ ವಿರಾಮದ ಕಾರ್ಯಕ್ರಮದಲ್ಲಿ ಗಾಯಕಿ ಜಾನೆಟ್ ಜಾಕ್ಸನ್ ಅವರ ಒಂದು ಸ್ತನವು ಒಂದು ಸೆಕೆಂಡಿನ ಹದಿನಾರರಲ್ಲಿ ಒಂಬತ್ತು ಪಾಲಿನಷ್ಟು ಹೊತ್ತು ಸಿಬಿಎಸ್ ವಾಹಿನಿಯ ಪರದೆಯ ಮೇಲೆ ಕಂಡಿತು. ಅಮೆರಿಕದ ಪ್ರಸಾರಗಳನ್ನು ನಿಯಂತ್ರಿಸುವ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಆ ವಾಹಿನಿಗೆ 5,50,000 ಡಾಲರ್ ದಂಡ ವಿಧಿಸಿತು. ಅದೇ ವರ್ಷದ ನವೆಂಬರ್ 11ರಂದು, ನಿವೃತ್ತ ಯೋಧರ ಸ್ಮರಣೆಯ ದಿನ, ಎಬಿಸಿ ವಾಹಿನಿಯು 'ಸೇವಿಂಗ್ ಪ್ರೈವೇಟ್ ರಯಾನ್' ಚಲನಚಿತ್ರವನ್ನು ಪ್ರಸಾರ ಮಾಡಲು ನಿರ್ಧರಿಸಿತು. ಆ ವಾಹಿನಿಗೆ ಸೇರಿದ 66 ಸ್ಥಳೀಯ ಕೇಂದ್ರಗಳು ಅದನ್ನು ತೋರಿಸಲು ಹಿಂಜರಿದವು. ನಾರ್ಮಂಡಿಯ ಕಡಲತೀರದಲ್ಲಿ ಕೈಕಾಲು ಕಳೆದುಕೊಂಡು ಒದ್ದಾಡುವ ಯುವಕರ ದೃಶ್ಯಗಳು ಅವುಗಳ ಅಂಜಿಕೆಗೆ ಕಾರಣವಾಗಿರಲಿಲ್ಲ. ಆ ಸೈನಿಕರ ಬಾಯಿಂದ ಬರುವ ಬೈಗುಳಗಳಿಗೆ ದಂಡ ಬೀಳಬಹುದೆಂಬುದೇ ಅವುಗಳ ಚಿಂತೆಯಾಗಿತ್ತು. ಸೀಳಿದ ದೇಹಕ್ಕೆ ದಂಡವಿಲ್ಲ, ಸೀಳಿಸಿಕೊಂಡವನ ಬೈಗುಳಕ್ಕೆ ದಂಡವಿದೆ ಎಂಬ ಸ್ಥಿತಿ ಅದು. ಮರುವರ್ಷ ಫೆಬ್ರವರಿಯಲ್ಲಿ ಕಮಿಷನ್ ಆ ಪ್ರಸಾರ ಅಸಭ್ಯವಲ್ಲವೆಂದು ತೀರ್ಮಾನಿಸಿತಾದರೂ ಆ ಭಯ ಕಾನೂನಿನ ನಿಜವಾದ ಮುಖವನ್ನು ತೋರಿಸಿತ್ತು.

ಲೈಂಗಿಕ ದೃಶ್ಯಕ್ಕೆ ಒಂದು ಅಳತೆಗೋಲು, ಹಿಂಸೆಯ ದೃಶ್ಯಕ್ಕೆ ಇನ್ನೊಂದು. ಈ ಇಬ್ಬಗೆಯ ನೀತಿಯನ್ನು ಲೌಕಿಕ ಸಮಾಜದ ವಿಡಂಬನೆಯೆಂದು ಬಗೆದು ನಕ್ಕು ಸುಮ್ಮನಾಗುವುದು ಸುಲಭ. ಆದರೆ ಅದರ ಇತಿಹಾಸವನ್ನು ಬಿಡಿಸಿ ನೋಡಿದಾಗ ನಮ್ಮವರ ಕೈಬರಹವೂ ಅಲ್ಲಿ ಕಾಣುತ್ತದೆ. ಆ ಕಾರಣದಿಂದಲೇ ಇದು ಗುರುಮಠದ ತರಗತಿಯಲ್ಲಿ ಚರ್ಚೆಯಾಗಬೇಕಾದ ವಿಷಯ.

ಕಾನೂನು ನಡೆದು ಬಂದ ದಾರಿ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕಾಮ ಮತ್ತು ಕ್ರೌರ್ಯಗಳ ನಡುವೆ ಇಷ್ಟು ದೊಡ್ಡ ಅಂತರವಿರಲಿಲ್ಲ. 1873ರಲ್ಲಿ ಅಶ್ಲೀಲ ಬರಹಗಳ ಅಂಚೆ ಸಾಗಣೆಯನ್ನು ನಿಷೇಧಿಸುವ ಕಾನೂನನ್ನು ತರಲು ಓಡಾಡಿದ ಆಂಟನಿ ಕಾಮ್‌ಸ್ಟಾಕ್ ಎಂಬಾತ, ಹುಡುಗರು ಓದುತ್ತಿದ್ದ ಅಗ್ಗದ ಅಪರಾಧ ಕಥೆಗಳ ಮೇಲೂ ಅಷ್ಟೇ ಕೆಂಡ ಕಾರಿದ್ದ. 1884ರಲ್ಲಿ ನ್ಯೂಯಾರ್ಕ್ ರಾಜ್ಯವು ರಕ್ತಪಾತ, ಕಾಮ ಮತ್ತು ಅಪರಾಧಗಳ ವರದಿಗಳನ್ನೇ ತುಂಬಿಕೊಂಡ ಪತ್ರಿಕೆಗಳನ್ನು ನಿಷೇಧಿಸಿತು. ಅನೇಕ ರಾಜ್ಯಗಳು ಇಂತಹ ಕಾನೂನುಗಳನ್ನು ಮಾಡಿಕೊಂಡವು. ರಕ್ತದ ವರ್ಣನೆಯೂ ಕಾಮದ ವರ್ಣನೆಯೂ ಎಳೆಯ ಮನಸ್ಸನ್ನು ಕೆಡಿಸುತ್ತವೆ ಎಂಬುದು ಆ ಕಾಲದ ನಂಬಿಕೆ.

ಈ ಜೋಡಿ ಬೇರ್ಪಟ್ಟದ್ದು 1948ರಲ್ಲಿ. ಆ ವರ್ಷದ ಮಾರ್ಚ್ ತಿಂಗಳಲ್ಲಿ 'ವಿಂಟರ್ಸ್ ವಿರುದ್ಧ ನ್ಯೂಯಾರ್ಕ್' ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ರಾಜ್ಯದ ಕಾನೂನನ್ನು ರದ್ದುಪಡಿಸಿತು. ರಕ್ತಪಾತದ ವರದಿ ಎಲ್ಲಿಗೆ ಮುಗಿಯಬೇಕು, ಅಪರಾಧ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಆ ಕಾನೂನು ಸ್ಪಷ್ಟಪಡಿಸುವುದಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣ. ಅದೇ ವರ್ಷದ ಜೂನ್ ತಿಂಗಳಲ್ಲಿ ಕೇಂದ್ರದ ದಂಡಸಂಹಿತೆ ಹೊಸ ರೂಪ ಪಡೆಯಿತು. 1927ರ ರೇಡಿಯೋ ಕಾಯಿದೆಯಿಂದ ಬಂದಿದ್ದ ಒಂದು ನಿಷೇಧ ಅದರ 1464ನೆಯ ಕಲಮಾಗಿ ನೆಲೆಗೊಂಡಿತು: ಅಶ್ಲೀಲ, ಅಸಭ್ಯ ಅಥವಾ ದೈವದೂಷಕ ಮಾತನ್ನು ಪ್ರಸಾರ ಮಾಡುವುದು ಅಪರಾಧ. ಟೆಲಿವಿಷನ್ ಮನೆಮನೆಗೆ ಕಾಲಿಡುತ್ತಿದ್ದ ಹೊತ್ತಿಗೆ ಸರಿಯಾಗಿ ಕ್ರೌರ್ಯದ ಮೇಲಿನ ಕಾನೂನು ಬಿದ್ದುಹೋಯಿತು, ಕಾಮದ ಮೇಲಿನ ಕಾನೂನು ನಿಂತಿತು.

1978ರಲ್ಲಿ ಸುಪ್ರೀಂ ಕೋರ್ಟು 'ಪೆಸಿಫಿಕಾ' ಮೊಕದ್ದಮೆಯಲ್ಲಿ ಈ ಕಲಮನ್ನು ಎತ್ತಿಹಿಡಿಯಿತು. ಹಾಸ್ಯಗಾರ ಜಾರ್ಜ್ ಕಾರ್ಲಿನ್‌ನ ಅಸಭ್ಯ ಪದಗಳ ಭಾಷಣವನ್ನು ನ್ಯೂಯಾರ್ಕಿನ ಒಂದು ರೇಡಿಯೋ ಕೇಂದ್ರ 1973ರ ಒಂದು ಮಧ್ಯಾಹ್ನ ಪ್ರಸಾರ ಮಾಡಿತ್ತು. ಐವರು ನ್ಯಾಯಾಧೀಶರ ಬಹುಮತ ಕೊಟ್ಟ ಕಾರಣಗಳಲ್ಲಿ ಎರಡು ಮುಖ್ಯ: ಪ್ರಸಾರ ಮಾಧ್ಯಮ ಮನೆಯೊಳಗೆ ನುಗ್ಗುತ್ತದೆ, ಅದು ಮಕ್ಕಳ ಕೈಗೂ ಸುಲಭವಾಗಿ ಎಟುಕುತ್ತದೆ. ಈ ಎರಡೂ ಕಾರಣಗಳು ಒಂದು ಕೊಲೆಯ ದೃಶ್ಯಕ್ಕೂ ಯಥಾವತ್ತಾಗಿ ಅನ್ವಯಿಸುತ್ತವೆ. ಆದರೆ ಯಾರೂ ಅನ್ವಯಿಸಲಿಲ್ಲ. ಮುಂದೆ ಬೆಳಗಿನ 6ರಿಂದ ರಾತ್ರಿ 10ರವರೆಗೆ ಅಸಭ್ಯ ಪ್ರಸಾರ ಕೂಡದೆಂಬ ನಿಯಮ ಗಟ್ಟಿಯಾಯಿತು. ಆ ಹದಿನಾರು ಗಂಟೆಗಳಲ್ಲಿ ಎಷ್ಟು ಜನರನ್ನು ಪರದೆಯ ಮೇಲೆ ಕೊಂದರೂ ಯಾವ ದಂಡವೂ ಇರಲಿಲ್ಲ.

ಹಿಂಸೆಯ ಬಗ್ಗೆ ಯಾರೂ ಚಿಂತಿಸಲಿಲ್ಲವೆಂದಲ್ಲ. 1954ರಲ್ಲಿ ಸೆನೆಟರ್ ಕೀಫಾವರ್, 1961ರಿಂದ ಸೆನೆಟರ್ ಡಾಡ್ ವಿಚಾರಣೆಗಳನ್ನು ನಡೆಸಿದರು. 1969ರಲ್ಲಿ ಸೆನೆಟರ್ ಪಾಸ್ಟೋರೆ ಕೇಳಿಕೊಂಡ ಮೇರೆಗೆ ಅಧ್ಯಯನ ಆರಂಭವಾಗಿ, 1972ರಲ್ಲಿ ದೇಶದ ಸರ್ಜನ್ ಜನರಲ್ ಅವರ ವರದಿ ಬಂತು. ಪರದೆಯ ಹಿಂಸೆಗೂ ಮಕ್ಕಳ ಆಕ್ರಮಣಶೀಲತೆಗೂ ಇರುವ ಸಂಬಂಧಕ್ಕೆ ಸಿಕ್ಕ ಪುರಾವೆ ಕ್ರಮ ಕೈಗೊಳ್ಳಲು ಸಾಕೆಂದು ಸರ್ಜನ್ ಜನರಲ್ ಸ್ಟೈನ್‌ಫೆಲ್ಡ್ ಸೆನೆಟಿನ ಮುಂದೆ ಹೇಳಿದರು. 1975ರಲ್ಲಿ ಸಂಜೆಯ ಮೊದಲ ಹೊತ್ತನ್ನು ಕುಟುಂಬಕ್ಕೆಂದು ಮೀಸಲಿಡುವ ಒಪ್ಪಂದವಾಯಿತು. ಮರುವರ್ಷವೇ ನ್ಯಾಯಾಲಯವೊಂದು ಅದನ್ನು ಸಂವಿಧಾನಬಾಹಿರವೆಂದಿತು. 1994ರಿಂದ 1997ರವರೆಗೆ ನಡೆದ ರಾಷ್ಟ್ರೀಯ ಅಧ್ಯಯನವೊಂದು ಹತ್ತು ಕಾರ್ಯಕ್ರಮಗಳಲ್ಲಿ ಸುಮಾರು ಆರರಲ್ಲಿ ಹಿಂಸೆಯಿದೆಯೆಂದೂ, ಬಹುಪಾಲು ದೃಶ್ಯಗಳಲ್ಲಿ ಹಿಂಸೆ ಎಸಗಿದವನಿಗೆ ಅಲ್ಲಿ ಶಿಕ್ಷೆಯೇ ಆಗುವುದಿಲ್ಲವೆಂದೂ ತೋರಿಸಿತು. 1996ರ ಕಾಯಿದೆಯಂತೆ ತಂದೆತಾಯಿಗಳೇ ಕಾರ್ಯಕ್ರಮಗಳನ್ನು ತಡೆಯಲು ನೆರವಾಗುವ 'ವಿ-ಚಿಪ್' ಟಿ.ವಿ. ಪೆಟ್ಟಿಗೆಗಳೊಳಗೆ ಸೇರಿತು. ಅಂದರೆ ಕ್ರೌರ್ಯವನ್ನು ತಡೆಯುವ ಹೊಣೆ ಮನೆಯವರದಾಯಿತು. ಅಸಭ್ಯತೆಯನ್ನು ತಡೆಯುವ ಹೊಣೆ ಸರ್ಕಾರದಲ್ಲೇ ಉಳಿಯಿತು. ಸೂಪರ್ ಬೌಲ್ ಘಟನೆಯ ತರುವಾಯ 2006ರಲ್ಲಿ ಅಸಭ್ಯ ಪ್ರಸಾರದ ಗರಿಷ್ಠ ದಂಡವನ್ನು ಹತ್ತು ಪಟ್ಟು ಏರಿಸಿ 3,25,000 ಡಾಲರಿಗೆ ತರಲಾಯಿತು. 2007ರಲ್ಲಿ ಕಮಿಷನ್ ಹಿಂಸೆಯ ಕುರಿತು ವರದಿ ಬರೆದು, ಕಾಂಗ್ರೆಸ್ಸು ಬೇಕಾದರೆ ಶಾಸನ ಮಾಡಬಹುದೆಂದಿತು. ಅಂತಹ ಶಾಸನ ಬರಲಿಲ್ಲ.

2011ರಲ್ಲಿ ಈ ತರ್ಕ ತನ್ನ ತುದಿಯನ್ನು ಮುಟ್ಟಿತು. ಹದಿನೆಂಟರೊಳಗಿನವರಿಗೆ ಅತಿಕ್ರೂರ ವಿಡಿಯೋ ಆಟಗಳನ್ನು ಮಾರಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನನ್ನು ಸುಪ್ರೀಂ ಕೋರ್ಟು ಏಳಕ್ಕೆ ಎರಡರಂತೆ ರದ್ದುಮಾಡಿತು. ಮಕ್ಕಳಿಂದ ಹಿಂಸೆಯ ಚಿತ್ರಣವನ್ನು ದೂರವಿಡುವ ಪರಂಪರೆ ತಮ್ಮ ದೇಶದಲ್ಲಿಲ್ಲ, ಅಜ್ಜಿಕಥೆಗಳಲ್ಲೂ ರಕ್ತವಿದೆ ಎಂದರು ನ್ಯಾಯಮೂರ್ತಿ ಸ್ಕಾಲಿಯಾ. ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೈಯರ್ ಅವರ ಪ್ರಶ್ನೆ ನೇರವಾಗಿತ್ತು. ಹದಿಮೂರು ವರ್ಷದ ಹುಡುಗನಿಗೆ ಬೆತ್ತಲೆ ಹೆಣ್ಣಿನ ಚಿತ್ರವನ್ನು ಮಾರುವುದನ್ನು ಸರ್ಕಾರ ತಡೆಯಬಹುದು. ಅದೇ ಹುಡುಗ ಪರದೆಯ ಮೇಲೆ ಹೆಣ್ಣೊಬ್ಬಳನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಆಟವನ್ನು ಮಾರುವುದನ್ನು ತಡೆಯಬಾರದೆಂದರೆ ಇದಾವ ನ್ಯಾಯ ಎಂಬುದು ಅದರ ಸಾರ.

ನಮ್ಮ ಪಾಲು

ಈ ಕಥೆಯಲ್ಲಿ ಕಥೋಲಿಕ ಧರ್ಮಸಭೆ ಹೊರಗಿನ ಪ್ರೇಕ್ಷಕನಾಗಿರಲಿಲ್ಲ. ಹಾಲಿವುಡ್ಡಿನ ಚಿತ್ರಗಳಿಗೆ 1930ರಲ್ಲಿ ಅಂಗೀಕೃತವಾದ ನಿರ್ಮಾಣ ಸಂಹಿತೆಯನ್ನು ಬರೆದವರು ಯೇಸುಸಭೆಯ ಗುರು ಡೇನಿಯಲ್ ಲಾರ್ಡ್ ಮತ್ತು ಕಥೋಲಿಕ ಪ್ರಕಾಶಕ ಮಾರ್ಟಿನ್ ಕ್ವಿಗ್ಲಿ. 1934ರಿಂದ ಅದನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸಿದ ಜೋಸೆಫ್ ಬ್ರೀನ್ ಕೂಡ ಕಥೋಲಿಕ. ಅದೇ ಹೊತ್ತಿಗೆ ಅಮೆರಿಕದ ಧರ್ಮಾಧ್ಯಕ್ಷರು 'ಲೀಜನ್ ಆಫ್ ಡೀಸೆನ್ಸಿ'ಯನ್ನು ಕಟ್ಟಿದರು. ಕೆಟ್ಟ ಚಿತ್ರಗಳನ್ನು ನೋಡುವುದಿಲ್ಲವೆಂದು ಲಕ್ಷಾಂತರ ವಿಶ್ವಾಸಿಗಳು ಪ್ರತಿಜ್ಞೆ ಮಾಡಿದರು. 1936ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು 'ವಿಜಿಲಾಂತಿ ಕೂರಾ' ಎಂಬ ವಿಶ್ವಪತ್ರದಲ್ಲಿ ಈ ಚಳವಳಿಯನ್ನು ಮೆಚ್ಚಿಕೊಂಡರು.

ನ್ಯಾಯವಾಗಿ ಹೇಳಬೇಕೆಂದರೆ, ಆ ಸಂಹಿತೆ ಹಿಂಸೆಯನ್ನು ಮರೆತಿರಲಿಲ್ಲ. ಕ್ರೂರ ಕೊಲೆಗಳನ್ನು ವಿವರವಾಗಿ ತೋರಿಸಬಾರದು, ಇಂದಿನ ಕಾಲದ ಕಥೆಗಳಲ್ಲಿ ಸೇಡನ್ನು ಸಮರ್ಥಿಸಬಾರದು ಎಂಬ ನಿಯಮಗಳು ಅದರಲ್ಲಿದ್ದವು. ವ್ಯತ್ಯಾಸವಿದ್ದದ್ದು ತೂಕದಲ್ಲಿ. ಕೊಲೆಗಾರ ಕೊನೆಯಲ್ಲಿ ಸತ್ತರೆ ಅಥವಾ ಜೈಲು ಸೇರಿದರೆ ಕಥೆ ನೀತಿಬದ್ಧವೆನಿಸುತ್ತಿತ್ತು. ಕಾಮದ ವಿಷಯದಲ್ಲಿ ದೃಶ್ಯವೇ ದೋಷವಾಗುತ್ತಿತ್ತು. ಜನಮನವನ್ನು ಕೆರಳಿಸಿದ ಸಂಘರ್ಷಗಳನ್ನು ನೆನೆಸಿಕೊಳ್ಳೋಣ. 1953ರಲ್ಲಿ ಲೀಜನ್ 'ದಿ ಮೂನ್ ಈಸ್ ಬ್ಲೂ' ಎಂಬ ಮಾತಿನ ಹಾಸ್ಯಚಿತ್ರವನ್ನು ಖಂಡಿತ ಪಟ್ಟಿಗೆ ಸೇರಿಸಿತು. 1956ರ ಡಿಸೆಂಬರಿನಲ್ಲಿ ಕಾರ್ಡಿನಲ್ ಸ್ಪೆಲ್ಮನ್ ನ್ಯೂಯಾರ್ಕಿನ ಸಂತ ಪ್ಯಾಟ್ರಿಕ್ ಪ್ರಧಾನಾಲಯದ ಪ್ರವಚನ ಪೀಠದಿಂದಲೇ 'ಬೇಬಿ ಡಾಲ್' ಚಿತ್ರವನ್ನು ಖಂಡಿಸಿದರು. ಎರಡರಲ್ಲೂ ಆಕ್ಷೇಪವಿದ್ದದ್ದು ಕಾಮದ ಬಗ್ಗೆ.

ಟೆಲಿವಿಷನ್ ಬಂದಾಗ ಈ ಸಂಸ್ಕಾರವೂ ಜೊತೆಗೆ ಬಂತು. 1952ರಲ್ಲಿ ಪ್ರಸಾರಕರ ಸಂಘ ತನ್ನದೇ ಸಂಹಿತೆಯನ್ನು ಮಾಡಿಕೊಂಡಿತು. ಅದೇ ವರ್ಷ 'ಐ ಲವ್ ಲೂಸಿ' ಧಾರಾವಾಹಿಯ ನಾಯಕಿ ನಿಜಜೀವನದಲ್ಲಿ ಗರ್ಭಿಣಿಯಾದಾಗ, ಕಥೆಯಲ್ಲೂ ಅವಳನ್ನು ಗರ್ಭಿಣಿಯಾಗಿ ತೋರಿಸಲು ಒಬ್ಬ ಕಥೋಲಿಕ ಗುರು, ಒಬ್ಬ ಪ್ರೊಟೆಸ್ಟೆಂಟ್ ಪಾಲಕ ಮತ್ತು ಒಬ್ಬ ಯೆಹೂದಿ ರಬ್ಬಿ ಸಂಭಾಷಣೆಗಳನ್ನು ಓದಿ ಒಪ್ಪಿಗೆ ಕೊಡಬೇಕಾಯಿತು. ಆಗಲೂ 'ಗರ್ಭಿಣಿ' ಎಂಬ ಪದವನ್ನು ಬಳಸಲಿಲ್ಲ. ವಿವಾಹಿತ ಸ್ತ್ರೀಯೊಬ್ಬಳು ತಾಯಾಗುವ ಸುದ್ದಿಗೆ ಮೂವರು ಧರ್ಮಗುರುಗಳ ಕಾವಲು! ಅದೇ ದಶಕದ ಕೊನೆಯ ಹೊತ್ತಿಗೆ ಸಂಜೆಯ ಪ್ರಸಾರದಲ್ಲಿ ಎರಡು ಡಜನ್‌ಗೂ ಹೆಚ್ಚು ಕೌಬಾಯ್ ಧಾರಾವಾಹಿಗಳಿದ್ದವು. ವಾರವಾರವೂ ಪಿಸ್ತೂಲಿನಿಂದ ನ್ಯಾಯ ತೀರ್ಮಾನವಾಗುತ್ತಿದ್ದ 'ಗನ್‌ಸ್ಮೋಕ್' ನಾಲ್ಕು ವರ್ಷ ಸತತವಾಗಿ ದೇಶದ ಅತ್ಯಂತ ಜನಪ್ರಿಯ ಕಾರ್ಯಕ್ರಮವಾಗಿತ್ತು.

ಏಕೆ ಹೀಗಾಯಿತು?

ಇದರ ಬೇರು ಅಮೆರಿಕದಲ್ಲಿ ಮಾತ್ರವಲ್ಲ, ನಮ್ಮ ನೀತಿ ದೈವಶಾಸ್ತ್ರದ ಇತಿಹಾಸದಲ್ಲೂ ಇದೆ. 1612ರಲ್ಲಿ ಯೇಸುಸಭೆಯ ಮಹಾಶ್ರೇಷ್ಠ ಕ್ಲಾಡಿಯೋ ಅಕ್ವವಿವಾ ಅವರು, ಬೇಕೆಂದೇ ಬಯಸಿದ ಕಾಮಸುಖದಲ್ಲಿ 'ಅಲ್ಪ ವಿಷಯ' ಎಂಬುದು ಇರಬಹುದೆಂದು ಬೋಧಿಸುವುದನ್ನು ತಮ್ಮ ಸಭೆಯವರಿಗೆ ನಿಷೇಧಿಸಿದರು. ಕಳ್ಳತನದಲ್ಲಿ ಸಣ್ಣದು ದೊಡ್ಡದು ಎಂಬುದುಂಟು. ಕೋಪದಲ್ಲಿ, ಪೆಟ್ಟಿನಲ್ಲಿ, ಸುಳ್ಳಿನಲ್ಲಿ ಉಂಟು. ಕಾಮದಲ್ಲಿ ಮಾತ್ರ ಎಲ್ಲವೂ ಗುರುತರ. ಈ ಬೋಧನೆ ಮುಂದಿನ ಮೂರು ಶತಮಾನಗಳ ನೀತಿಶಾಸ್ತ್ರದ ಕೈಪಿಡಿಗಳಲ್ಲಿ ನೆಲೆಯೂರಿತು. ಗುರುಗಳು ಆ ಕೈಪಿಡಿಗಳನ್ನು ಓದಿಯೇ ಪಾಪನಿವೇದನೆಯ ಪೀಠದಲ್ಲಿ ಕುಳಿತರು. ಹಿಂಸೆಯ ವಿಚಾರದಲ್ಲೋ ಆತ್ಮರಕ್ಷಣೆ, ನ್ಯಾಯಯುದ್ಧ, ಮರಣದಂಡನೆ ಎಂಬ ಭೇದಗಳನ್ನು ಅದೇ ಕೈಪಿಡಿಗಳು ಎಚ್ಚರದಿಂದ ಬಿಡಿಸಿಟ್ಟಿದ್ದವು. ಫಲವಾಗಿ ಒಂದು ಮನೋಭಾವ ಬೆಳೆಯಿತು: ಕೊಲೆಯ ವಿಷಯ ಬಂದರೆ 'ಸಂದರ್ಭ ನೋಡಬೇಕು', ದೇಹದ ವಿಷಯ ಬಂದರೆ 'ನೋಡಲೇಬಾರದು'.

ಸಿಸ್ಟೀನ್ ದೇವಾಲಯದ ಗೋಡೆಯ ಮೇಲೆ ಈ ಮನೋಭಾವ ಬಣ್ಣದಲ್ಲೇ ದಾಖಲಾಗಿದೆ. ಪವಿತ್ರ ಚಿತ್ರಗಳಲ್ಲಿ ಕಾಮಪ್ರಚೋದನೆ ಇರಬಾರದೆಂದು ಟ್ರೆಂಟ್ ಮಹಾಸಭೆ 1563ರ ಡಿಸೆಂಬರಿನಲ್ಲಿ ವಿಧಿಸಿತು. ಮರುತಿಂಗಳೇ ಮೈಕೆಲಾಂಜೆಲೋ ಬರೆದ 'ಅಂತಿಮ ತೀರ್ಪು' ಚಿತ್ರದ ನಗ್ನತೆಯನ್ನು ಮರೆಮಾಡುವ ತೀರ್ಮಾನವಾಯಿತು. ಕಲಾವಿದ ತೀರಿಕೊಂಡ ಬಳಿಕ ಆತನ ಶಿಷ್ಯ ದಾನಿಯೆಲೆ ದ ವೊಲ್ತೆರ್ರಾ ಸಂತರ ಮೈಮೇಲೆ ಬಟ್ಟೆಗಳನ್ನು ಬರೆದ. ಸಂತ ಕ್ಯಾಥರೀನಳಿಗೆ ನಿಲುವಂಗಿ ಬಂತು. ಅವಳನ್ನು ಹಿಂಸಿಸಲು ತಂದ ಮೊಳೆಚಕ್ರ ಕೈಯಲ್ಲಿ ಹಾಗೆಯೇ ಉಳಿಯಿತು. ಅದೇ ಗೋಡೆಯಲ್ಲಿ ಸಂತ ಬಾರ್ತಲೊಮಾಯ ಸುಲಿದ ಮನುಷ್ಯಚರ್ಮವನ್ನು ತೂಗುಹಾಕಿಕೊಂಡು ಕುಳಿತಿದ್ದಾನೆ. ಆ ಚರ್ಮವನ್ನು ಮುಚ್ಚಬೇಕೆಂದು ಯಾರಿಗೂ ತೋಚಲಿಲ್ಲ. ರಕ್ತಸಾಕ್ಷಿಯ ಯಾತನೆಯನ್ನು ಧ್ಯಾನಿಸುವುದು ಪುಣ್ಯಕರ, ನಿಜ. ಆದರೆ ದೇವರು ಸೃಷ್ಟಿಸಿದ ಮೈ ಕಣ್ಣಿಗೆ ಅಪಾಯವೆಂದೂ ಮನುಷ್ಯ ಸುಲಿದ ಚರ್ಮ ಅಪಾಯವಲ್ಲವೆಂದೂ ಎಣಿಸುವ ರೂಢಿ ಎಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಅದಕ್ಕೂ ಹಿಂದಿನ ಪರಂಪರೆ

ಇದೇ ನಮ್ಮ ಪೂರ್ಣ ಪರಂಪರೆಯಾಗಿದ್ದರೆ ಹೇಳಲು ಹೆಚ್ಚೇನೂ ಇರುತ್ತಿರಲಿಲ್ಲ. ಆದಿ ಕ್ರೈಸ್ತರ ನಿಲುವು ಬೇರೆಯಾಗಿತ್ತು. ಎರಡನೆಯ ಶತಮಾನದಲ್ಲಿ ಅಥೆನಾಗೊರಸ್ ಚಕ್ರವರ್ತಿಗೆ ಬರೆದ ಮನವಿಯಲ್ಲಿ, ಮನುಷ್ಯನನ್ನು ಕೊಲ್ಲುವುದನ್ನು ನೋಡಿ ನಿಲ್ಲುವುದು ಕೊಲ್ಲುವುದಕ್ಕೆ ಬಹಳ ಹತ್ತಿರವೆಂದೂ, ಆ ದೋಷ ತಟ್ಟಬಾರದೆಂದೇ ಕ್ರೈಸ್ತರು ಅಖಾಡದ ಪ್ರದರ್ಶನಗಳನ್ನು ತೊರೆದಿದ್ದಾರೆಂದೂ ವಾದಿಸಿದ. ಟೆರ್ಟುಲಿಯನ್ ತನ್ನ 'ದೆ ಸ್ಪೆಕ್ತಾಕ್ಯುಲಿಸ್' ಗ್ರಂಥದಲ್ಲಿ ನಾಟಕಶಾಲೆಯ ಲಜ್ಜಾಹೀನತೆಯನ್ನೂ ಅಖಾಡದ ಕ್ರೌರ್ಯವನ್ನೂ ಒಂದೇ ಉಸಿರಿನಲ್ಲಿ ಖಂಡಿಸಿದ.

ಸಂತ ಅಗಸ್ಟೀನರು 'ಕನ್ಫೆಷನ್ಸ್' ಗ್ರಂಥದ ಆರನೆಯ ಭಾಗದಲ್ಲಿ ತಮ್ಮ ಗೆಳೆಯ ಅಲಿಪಿಯುಸನ ಕಥೆ ಹೇಳುತ್ತಾರೆ. ರೋಮ್ ನಗರದಲ್ಲಿ ಸ್ನೇಹಿತರು ಅವನನ್ನು ಬಲವಂತದಿಂದ ಗ್ಲ್ಯಾಡಿಯೇಟರ್ ಕಾಳಗಕ್ಕೆ ಎಳೆದೊಯ್ದರು. ನೋಡುವುದೇ ಇಲ್ಲವೆಂದು ಅವನು ಕಣ್ಣು ಮುಚ್ಚಿ ಕುಳಿತ. ಜನರ ಬೊಬ್ಬೆ ಕಿವಿಗೆ ಬಿದ್ದಾಗ ಕುತೂಹಲ ತಡೆಯದೆ ಕಣ್ಣು ತೆರೆದ. ರಕ್ತ ಕಂಡದ್ದೇ ತಡ, ಅದರ ಮತ್ತು ಅವನನ್ನು ಹಿಡಿಯಿತು. ಹೊರಬಂದದ್ದು ಒಳಹೋದ ಅಲಿಪಿಯುಸನಲ್ಲ. ತಾನೇ ಇತರರನ್ನು ಕರೆದೊಯ್ಯುವ ಇನ್ನೊಬ್ಬ. ಕಣ್ಣಿನ ಮೂಲಕ ಆತ್ಮ ಕೆಡುವ ಬಗೆಯನ್ನು ಇಷ್ಟು ಸೂಕ್ಷ್ಮವಾಗಿ ಚಿತ್ರಿಸಿದ ಬರಹ ಆ ಕಾಲದಲ್ಲಿ ಅಪರೂಪ. ತಮ್ಮ ಕಾಮದ ಹೋರಾಟವನ್ನು ಮುಚ್ಚುಮರೆಯಿಲ್ಲದೆ ನಿವೇದಿಸಿದ ಅಗಸ್ಟೀನರು, ನೋಟದ ದಾಸ್ಯವನ್ನು ತೋರಿಸಲು ಇಲ್ಲಿ ರಕ್ತವನ್ನು ಆರಿಸಿಕೊಂಡಿದ್ದಾರೆ.

ಸಂತ ತೋಮಸ್ ಅಕ್ವಿನಾಸರು 'ದೈವಶಾಸ್ತ್ರ ಸಂಗ್ರಹ'ದ ಎರಡನೆಯ ಭಾಗದ ದ್ವಿತೀಯಾರ್ಧದ 167ನೆಯ ಪ್ರಶ್ನೆಯಲ್ಲಿ ಕುತೂಹಲವೆಂಬ ದೋಷವನ್ನು ಚರ್ಚಿಸುತ್ತಾ, ಪ್ರದರ್ಶನಗಳನ್ನು ನೋಡುವುದು ಯಾವಾಗ ತಪ್ಪಾಗುತ್ತದೆಂದು ಕೇಳುತ್ತಾರೆ. ಅಲ್ಲಿ ಕಂಡದ್ದು ನೋಡುವವನನ್ನು ಕಾಮದ ಕಡೆಗೋ ಕ್ರೌರ್ಯದ ಕಡೆಗೋ ಒಲಿಸಿದಾಗ ಎಂಬುದು ಅವರ ಉತ್ತರ. ಎರಡು ಪದಗಳು, ಒಂದೇ ತಕ್ಕಡಿ. ಅದೇ ಭಾಗದ 154ನೆಯ ಪ್ರಶ್ನೆಯಲ್ಲಿ ವ್ಯಭಿಚಾರಕ್ಕಿಂತ ನರಹತ್ಯೆ ಗುರುತರ ಪಾಪವೆಂದೂ ಅವರು ಹೇಳಿದ್ದಾರೆ. ಹಾಗಿರುವಾಗ ಚಿಕ್ಕದರ ಚಿತ್ರಣಕ್ಕೆ ದೊಡ್ಡ ಕಾವಲು, ದೊಡ್ಡದರ ಚಿತ್ರಣಕ್ಕೆ ಕಾವಲೇ ಇಲ್ಲ ಎಂಬುದು ತೋಮಸರ ತರ್ಕಕ್ಕೂ ಹೊಂದುವುದಿಲ್ಲ.

ಎಲ್ಲಕ್ಕೂ ಮೂಲ ಪರ್ವತ ಪ್ರಸಂಗ. ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಮೊದಲು ನರಹತ್ಯೆಯ ಕಟ್ಟಳೆಯನ್ನು ಎತ್ತಿಕೊಂಡು ಅದನ್ನು ಕೋಪದವರೆಗೆ ಒಯ್ಯುತ್ತಾರೆ. ಬಳಿಕ ವ್ಯಭಿಚಾರದ ಕಟ್ಟಳೆಯನ್ನು ಎತ್ತಿಕೊಂಡು ಅದನ್ನು ಕಾಮದ ನೋಟದವರೆಗೆ ಒಯ್ಯುತ್ತಾರೆ. ಎರಡೂ ಹೃದಯದಲ್ಲಿ ಹುಟ್ಟುತ್ತವೆ, ಎರಡನ್ನೂ ಹೃದಯದಲ್ಲೇ ತಡೆಯಬೇಕು. ನಾವು ಎರಡನೆಯದರ ಮೇಲೆ ಕಣ್ಣಿನ ಸಂಯಮದ ಒಂದು ದೊಡ್ಡ ಶಾಸ್ತ್ರವನ್ನೇ ಕಟ್ಟಿದೆವು. ಮೊದಲನೆಯದರ ಮೇಲೆ ಅಂತಹ ಶಾಸ್ತ್ರವನ್ನು ಕಟ್ಟುವುದನ್ನು ಮರೆತೆವು.

ಮೂರು ಆಕ್ಷೇಪಗಳು

ಮೊದಲ ಆಕ್ಷೇಪ ಗಂಭೀರವಾದದ್ದು. ಪರದೆಯ ಮೇಲಿನ ಕೊಲೆ ನಟನೆ, ಯಾರೂ ಸಾಯುವುದಿಲ್ಲ. ಪರದೆಯ ಮೇಲಿನ ನಗ್ನತೆ ನಿಜ. ನಟಿಯ ಮೈ ನಿಜವಾಗಿಯೇ ಬಯಲಾಗಿದೆ. ಆದ್ದರಿಂದ ಎರಡಕ್ಕೂ ಒಂದೇ ಅಳತೆ ಸಲ್ಲದು. ನಟಿಸುವವರ ಮಟ್ಟಿಗೆ ಈ ಮಾತು ಸರಿ. ನಟಿಯನ್ನು ಅಂತಹ ದೃಶ್ಯಕ್ಕೆ ಒತ್ತಾಯಿಸುವ ಅನ್ಯಾಯವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಟೆಲಿವಿಷನ್ ನಿಯಂತ್ರಣವು ತನ್ನನ್ನು ಸಮರ್ಥಿಸಿಕೊಂಡದ್ದು ನೋಡುವ ಮಗುವಿನ ಹೆಸರಿನಲ್ಲಿ. ನೋಡುವವನ ಹೃದಯದಲ್ಲಿ ಏಳುವ ಕ್ರೌರ್ಯದ ರುಚಿ ನಟನೆಯಲ್ಲ.

ಎರಡನೆಯ ಆಕ್ಷೇಪ, ಹಿಂಸೆಗೆ ವ್ಯಾಖ್ಯೆ ಕೊಡಲಾಗದು ಎಂಬುದು. 1948ರ ತೀರ್ಪಿನ ತಿರುಳು ಇದೇ. ಆದರೆ ಅಸಭ್ಯತೆಗೆ ತಾನೆ ಸ್ಪಷ್ಟ ವ್ಯಾಖ್ಯೆ ಎಲ್ಲಿದೆ? 2012ರಲ್ಲಿ ಅದೇ ಸುಪ್ರೀಂ ಕೋರ್ಟು, ಏನು ನಿಷಿದ್ಧವೆಂದು ಮುಂಚಿತವಾಗಿ ತಿಳಿಸದೆ ಕಮಿಷನ್ ವಾಹಿನಿಗಳ ಮೇಲೆ ಕ್ರಮ ಕೈಗೊಂಡಿತೆಂದು ಆ ಆದೇಶಗಳನ್ನು ತಳ್ಳಿಹಾಕಿತು. ಸೂಪರ್ ಬೌಲ್ ದಂಡವೂ ನ್ಯಾಯಾಲಯಗಳಲ್ಲಿ ಕೊನೆಗೆ ನಿಲ್ಲಲಿಲ್ಲ. ಅಸ್ಪಷ್ಟತೆ ಎರಡು ಕಡೆಯೂ ಇದೆ. ಒಂದು ಕಡೆ ಮಾತ್ರ ಅದು ಅಡ್ಡಿಯಾಯಿತು.

ಮೂರನೆಯದು ಪವಿತ್ರ ಗ್ರಂಥದ ಮಾತು. ಬೈಬಲಿನಲ್ಲಿ ಕೊಲೆಗಳಿಲ್ಲವೆ? ನಮ್ಮ ಪ್ರತಿ ಪೀಠದ ಮೇಲೂ ಹಿಂಸೆಗೊಳಗಾದ ಒಂದು ದೇಹ ತೂಗುತ್ತಿಲ್ಲವೆ? ಇದಕ್ಕೆ ಉತ್ತರ, ಯಾವುದನ್ನು ತೋರಿಸಲಾಗಿದೆ ಎಂಬುದರಲ್ಲಿ ಮಾತ್ರವಲ್ಲ, ಯಾರ ಪಕ್ಕದಲ್ಲಿ ನಿಂತು ತೋರಿಸಲಾಗಿದೆ ಎಂಬುದರಲ್ಲಿದೆ. ಶಿಲುಬೆ ನಮ್ಮನ್ನು ಪೀಡಿತನ ಪಕ್ಕದಲ್ಲಿ ನಿಲ್ಲಿಸುತ್ತದೆ. ಅಖಾಡ ಪೀಡಕನ ಪಕ್ಕದಲ್ಲಿ ಕೂರಿಸುತ್ತದೆ. ನಮ್ಮ ದೇಶದ ಒಂದು ಪ್ರಕರಣ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದೆ. ದೇಶವಿಭಜನೆಯ ಕಾಲದ ರಕ್ತಪಾತವನ್ನು ಚಿತ್ರಿಸಿದ, ಗೋವಿಂದ ನಿಹಲಾನಿ ನಿರ್ದೇಶನದ 'ತಮಸ್' ಧಾರಾವಾಹಿಯನ್ನು 1988ರಲ್ಲಿ ನಿಲ್ಲಿಸಬೇಕೆಂದು ಕೋರಿಕೆ ಬಂದಾಗ, ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದನ್ನು ಸ್ವತಃ ನೋಡಿದರು. ಆ ಹಿಂಸೆಯ ಚಿತ್ರಣ ಹಗೆತನವನ್ನು ಬಿತ್ತುವುದಿಲ್ಲ, ಹಗೆತನದ ನಿರರ್ಥಕತೆಯನ್ನು ತೋರಿಸುತ್ತದೆ ಎಂಬ ಅವರ ನಿಲುವನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ನಗ್ನತೆಗೂ ಇದೇ ವಿವೇಕ ಸಲ್ಲುತ್ತದೆ. 1997ರಲ್ಲಿ 'ಶಿಂಡ್ಲರ್ಸ್ ಲಿಸ್ಟ್' ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಪ್ರಸಾರವಾದಾಗ ಕಾಂಗ್ರೆಸ್ ಸದಸ್ಯ ಟಾಮ್ ಕೋಬರ್ನ್ ಅದರ ನಗ್ನತೆ, ಹಿಂಸೆ ಮತ್ತು ಬೈಗುಳಗಳನ್ನು ಖಂಡಿಸಿದರು. ಸ್ವಪಕ್ಷದವರೂ ಒಪ್ಪದಿದ್ದಾಗ ಕ್ಷಮೆ ಕೇಳಿದರು. ಸಾವಿನ ಶಿಬಿರದಲ್ಲಿ ಬಟ್ಟೆ ಕಿತ್ತುಕೊಂಡ ಯೆಹೂದಿಯರ ಮೈ ಪ್ರಚೋದನೆಯಲ್ಲ, ಆರೋಪಪಟ್ಟಿ. 2000ದಲ್ಲಿ ಕಮಿಷನ್ ಕೂಡ ಆ ದೃಶ್ಯ ಅಸಭ್ಯವಲ್ಲವೆಂದಿತು.

ಗುರುವಿನ ಮುಂದಿರುವ ಕೆಲಸ

ಇತ್ತೀಚಿನ ದಶಕಗಳಲ್ಲಿ ಧರ್ಮಸಭೆಯ ಬೋಧನೆ ಹಳೆಯ ಸಮತೋಲನಕ್ಕೆ ಮರಳುತ್ತಿದೆ. 1989ರಲ್ಲಿ ಸಮಾಜ ಸಂಪರ್ಕದ ಪರಮಪೀಠದ ಸಮಿತಿ ಹೊರಡಿಸಿದ ಪಾಲನಾ ದಾಖಲೆಯ ಶೀರ್ಷಿಕೆಯಲ್ಲೇ ಕಾಮಪ್ರಚೋದಕ ಚಿತ್ರಣ ಮತ್ತು ಹಿಂಸೆ ಎರಡೂ ಜೊತೆಯಾಗಿವೆ. ಎರಡೂ ವ್ಯಕ್ತಿಯನ್ನು ವಸ್ತುವಾಗಿಸುತ್ತವೆ ಎಂಬ ಒಂದೇ ನೆಲೆಯಿಂದ ಅದು ಎರಡನ್ನೂ ವಿಮರ್ಶಿಸುತ್ತದೆ. 2007ರ ಸಂಪರ್ಕ ದಿನದ ಸಂದೇಶದಲ್ಲಿ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ಮನರಂಜನೆಯ ಹೆಸರಿನಲ್ಲಿ ಹಿಂಸೆಯನ್ನು ವೈಭವೀಕರಿಸುವ, ಲೈಂಗಿಕತೆಯನ್ನು ಅಗ್ಗಮಾಡುವ ಕಾರ್ಯಕ್ರಮಗಳನ್ನು, ಮಕ್ಕಳ ವಿಡಿಯೋ ಆಟಗಳನ್ನೂ ಸೇರಿಸಿ, ಒಟ್ಟಿಗೆ ಖಂಡಿಸಿದರು.

ಬೋಧನೆ ಕೆಳಗಿಳಿಯುವುದು ಧರ್ಮಕೇಂದ್ರದಲ್ಲಿ. ನಮ್ಮ ದೇಶದ ಕೇಬಲ್ ಟೆಲಿವಿಷನ್ ನಿಯಮಗಳ ಕಾರ್ಯಕ್ರಮ ಸಂಹಿತೆಯೂ ಅಶ್ಲೀಲವನ್ನು ಸಭ್ಯತೆಯ ಪ್ರಶ್ನೆಯಾಗಿ ಕಾಣುತ್ತದೆ. ಹಿಂಸೆಯನ್ನು ಮುಖ್ಯವಾಗಿ ಪ್ರಚೋದನೆಯ, ಕಾನೂನು ಸುವ್ಯವಸ್ಥೆಯ ಪ್ರಶ್ನೆಯಾಗಿ ಕಾಣುತ್ತದೆ. ಬೀದಿಯಲ್ಲಿ ಗಲಭೆಯಾಗದಿದ್ದರೆ ಸಾಕು; ಮನೆಯ ಜಗಲಿಯಲ್ಲಿ ಕುಳಿತ ಮಗುವಿನ ಒಳಗೆ ಏನಾಯಿತೆಂಬುದು ರಾಜ್ಯಕ್ಕೆ ಸುಲಭವಾಗಿ ಕಾಣದು. ಅದನ್ನು ಕಾಣಬೇಕಾದವನು ಗುರು. ಆದರೆ ನಮ್ಮಲ್ಲಿ ಬಳಕೆಯಲ್ಲಿರುವ ಮನಸ್ಸಾಕ್ಷಿ ಪರಿಶೋಧನೆಯ ಪ್ರಶ್ನೆಗಳನ್ನು ನೋಡಿ. ಕೆಟ್ಟ ಚಿತ್ರಗಳನ್ನು ನೋಡಿದೆನೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಆರನೆಯ ಕಟ್ಟಳೆಯ ಕೆಳಗೆ ಇರುತ್ತದೆ. ಐದನೆಯ ಕಟ್ಟಳೆಯ ಕೆಳಗೆ ಆ ಪ್ರಶ್ನೆ ಅಪರೂಪ. ಕೊಲೆಯನ್ನು ಕಂಡು ಕೇಕೆ ಹಾಕಿದೆನೇ, ಒಬ್ಬನನ್ನು ಗುಂಪು ಬಡಿಯುವ ದೃಶ್ಯವನ್ನು ಸಂತೋಷದಿಂದ ನೋಡಿದೆನೇ, ಅದನ್ನು ಮೊಬೈಲಿನಲ್ಲಿ ಇನ್ನೊಬ್ಬರಿಗೆ ಕಳಿಸಿದೆನೇ ಎಂದು ನಾವು ಯುವಕರಿಂದ ಕೇಳಿಸಿಕೊಂಡಿದ್ದೇವೆಯೇ?

ಕಾಮದ ವಿಷಯದಲ್ಲಿ ಸಡಿಲವಾಗಬೇಕೆಂದು ಈ ಲೇಖನದ ವಾದವಲ್ಲ. ಇಬ್ಬಗೆಯ ನೀತಿಯನ್ನು ತೋರಿಸಿ ಎರಡೂ ಬೇಲಿಗಳನ್ನು ಕಿತ್ತುಹಾಕುವವರಿದ್ದಾರೆ. ಅವರ ದಾರಿ ಬೇರೆ. ಸ್ತ್ರೀಯನ್ನು ಭೋಗದ ವಸ್ತುವಾಗಿ ತೋರುವ ಚಿತ್ರಣಕ್ಕೂ ಅವಳನ್ನು ಹೊಡೆದು ಕೆಡವುವ ಚಿತ್ರಣಕ್ಕೂ ಬೇರು ಒಂದೇ. ಅಳತೆ ಎಷ್ಟು ಚರ್ಮ ಕಂಡಿತೆಂಬುದಲ್ಲ, ಎಷ್ಟು ರಕ್ತ ಹರಿಯಿತೆಂಬುದೂ ಅಲ್ಲ. ಇದನ್ನು ನೋಡಿ ಎದ್ದವನು ದೇವರ ಪ್ರತಿರೂಪವಾದ ಮನುಷ್ಯನನ್ನು ಇನ್ನಷ್ಟು ಗೌರವಿಸುವನೋ, ಕಡಿಮೆ ಗೌರವಿಸುವನೋ ಎಂಬುದೇ ಅಳತೆ. ಈ ಒಂದೇ ಪ್ರಶ್ನೆಯನ್ನು ಎರಡು ಕಟ್ಟಳೆಗಳ ಕೆಳಗೂ ಕೇಳಲು ಕಲಿತ ಗುರು, ಧರ್ಮೋಪದೇಶದ ತರಗತಿಯಲ್ಲಾಗಲಿ ಪಾಪನಿವೇದನೆಯಲ್ಲಾಗಲಿ, ಅಥೆನಾಗೊರಸನಿಂದ ಅಕ್ವಿನಾಸರವರೆಗಿನ ಪರಂಪರೆಗೆ ನಿಷ್ಠನಾಗಿರುತ್ತಾನೆ.